ತಮ್ಮ ಶಿಬಿರಕ್ಕೆ ಹೋಗಿ ಬಂದ, ಈಗ ಮನೆಯವರೆಲ್ಲ ಅಪರಾಧಿಗಳು. ಈ ಥೆರಪಿ ವ್ಯಾಪಾರದ ಬಗ್ಗೆ ನಿಮಗೇನನ್ನಿಸುತ್ತೆ?

ರೊಬಸ್ಟಾ_ಮೂಡಿಗೆರೆ

ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ನಮ್ಮದು ಮೂಡಿಗೆರೆ ಹತ್ತಿರ 14 ಎಕರೆ ರೊಬಸ್ಟಾ ಕಾಫಿ, ಮರಕ್ಕೆ ಮೆಣಸು. ಅಪ್ಪ ತೀರಿಕೊಂಡು ಆರು ವರ್ಷ ಆಯ್ತು. ದೊಡ್ಡವನು ನಾನು, ತೋಟ ನೋಡ್ಕೊಳ್ತೀನಿ. ತಮ್ಮ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ, ಹೋದ ವರ್ಷ ಬಿಟ್ಟು ಬಂದ. ಯಾಕೆ ಅಂತ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ರೂಮಲ್ಲಿ ಕೂತು ವಿಡಿಯೊ ನೋಡ್ತಿದ್ದ. ಕೊನೆಗೆ ಒಂದು ಹೋಂಸ್ಟೇಲಿ ಮನಸ್ಸಿನ ನೋವು ವಾಸಿ ಮಾಡೋ ಮೂರು ದಿನದ ಶಿಬಿರ ಅಂತ ಹೋದ. ಫೀಸು 32,000. ಊಟ ಸೇರಿ ಅಂತೆ. ಬೆಳಗ್ಗೆ ಅಕ್ಕಿರೊಟ್ಟಿ, ಕಾಯಿಚಟ್ನಿ ಕೊಟ್ಟರಂತೆ, ಅದನ್ನ ನಮ್ಮನೇಲಿ ಬಿಟ್ಟಿ ಕೊಡ್ತೀವಿ.

ಮೊದಲ ದಿನ ಎಲ್ಲರನ್ನೂ ಅಳಿಸಿದ್ದಾರೆ. ಎರಡನೇ ದಿನ ತೀರಿಹೋದ ಅಪ್ಪನಿಗೆ ಕಾಗದ ಬರೆಸಿ ಸುಡಿಸಿದ್ದಾರೆ. ಮೂರನೇ ದಿನ ಕೆಂಡದ ಮೇಲೆ ನಡೆಸಿದ್ದಾರೆ. ಬಂದವನ ಬಾಯಲ್ಲಿ ಹೊಸ ಭಾಷೆ. ಅಪ್ಪ ಬೈದಿದ್ದು ಟ್ರಾಮಾ, ನಾನು ಟಾಕ್ಸಿಕ್, ಅವ್ವ ಮದುವೆ ಮಾತೆತ್ತಿದರೆ ‘ಇದು ನನ್ನ ಬೌಂಡರಿ’, ಅಂದ್ರೆ ಇದರಾಚೆ ಬರಬೇಡಿ ಅಂತ. ರಾತ್ರಿ ಅವ್ವ ಮೆತ್ತಗೆ ಬಂದು ಕೇಳಿದ್ಲು: ‘ಬೌಂಡರಿ ಬೌಂಡರಿ ಅಂತಾನಲ್ಲ, ಪಾಲು ಕೇಳ್ತಿದಾನೇನೋ? ಸರ್ವೆಯವರನ್ನ ಕರೆಸ್ಬೇಕಾ?’

ಮುಂದಿನ ಹಂತ ಅಂತ ಇನ್ನೊಂದಿದೆಯಂತೆ, 85,000.

2001-02ರಲ್ಲಿ ಕಾಫಿ ರೇಟು ನೆಲ ಕಚ್ಚಿದಾಗ ಅಪ್ಪ ಚೆರಿ ಕುಯ್ಯಿಸೋ ಕೂಲಿಯೂ ಗಿಟ್ಟಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕಣದಲ್ಲಿ ಕೂತಿದ್ದು ನಾನು ಕಣ್ಣಾರೆ ನೋಡಿದೀನಿ. ಅವರು ಯಾರ ಮೇಲೂ ದೂರು ಹೇಳಲಿಲ್ಲ. ಈಗಿನವರಿಗೆ ಕುಣಿಯೋಕೆ ಬರಲ್ಲ, ನೆಲ ಡೊಂಕು. ಆ ನೆಲ ಡೊಂಕು ಅಂತ ಸರ್ಟಿಫಿಕೇಟ್ ಕೊಡೋಕೂ ಒಂದು ಕಂಪನಿ. ನಾನು ಹೇಳೋದರಲ್ಲಿ ತಪ್ಪಿದ್ಯಾ?

ಬಯಲುಸೀಮೆ_ಕಡೂರು

ಕೆಂಡ ಹಾಯೋಕೆ ದುಡ್ಡು ಕೊಟ್ಟನಾ?! ನಮ್ಮ ಕಡೆ ಜಾತ್ರೇಲಿ ವರ್ಷಾ ಹಾಯ್ತೀವಿ ಕಣ್ರೀ. ಬೆಳಗ್ಗಿಂದ ಉಪವಾಸ, ತಣ್ಣೀರು ಸ್ನಾನ, ಒದ್ದೆ ಪಂಚೆ. ಫೀಸು ಅಂದ್ರೆ ಒಂದು ತೆಂಗಿನಕಾಯಿ.

ಅದರಲ್ಲಿ ಮನಸ್ಸಿನ ಶಕ್ತಿ ಅನ್ನೋದು ಧೈರ್ಯ ಮಾಡೋವರೆಗೆ ಮಾತ್ರ. ಆಮೇಲೆಲ್ಲ ಇದ್ದಿಲಿನ ಗುಣ. ಇದ್ದಿಲು ಕೆಂಪಗೆ ಕಂಡರೂ ಶಾಖ ದಾಟಿಸೋದು ನಿಧಾನ, ಮೇಲೊಂದು ಪದರ ಬೂದಿ, ಪಾದ ತಾಗೋದು ಅರೆಗಳಿಗೆ. ನಿಂತರೆ ಸುಡುತ್ತೆ, ಅದಕ್ಕೇ ಯಾರೂ ನಿಲ್ಲಲ್ಲ. ಅದೇ ಬೆಂಕಿ ಮೇಲೆ ದೋಸೆ ಹಂಚು ಇಟ್ಟು ‘ನಿಮ್ಮ ಮನಸ್ಸನ್ನ ನಂಬಿ’ ಅಂತ ಆ ಗುರುಗಳು ಮೊದಲು ನಡೀಲಿ, ನಾನೂ ಫೀಸು ಕಟ್ತೀನಿ.

ಗೊರೂರು_ಹಿನ್ನೀರು

ಹಾಸನದಲ್ಲಿ ಬಿ.ಎಂ. ರೋಡಿನ ಒಂದು ಹಾಲಲ್ಲಿ ನಾನೂ ಕೂತು ಬಂದವನು. ಸೇಲ್ಸ್ ಕೆಲಸದಲ್ಲಿದ್ದೆ, ಕಂಪನಿಯವರೇ ಕಳಿಸಿದ್ರು. ಕೋಟು ಹಾಕ್ಕೊಂಡವರು ಹಗ್ಗದ ಆನೆ ಕಥೆ ಹೇಳಿದ್ರು. ಮರಿ ಇದ್ದಾಗ ಸಣ್ಣ ಹಗ್ಗದಲ್ಲಿ ಕಟ್ಟಿದ್ರಂತೆ, ದೊಡ್ಡದಾದ ಮೇಲೂ ಕಿತ್ಕೊಂಡು ಹೋಗಲ್ವಂತೆ, ಯಾಕಂದ್ರೆ ಆಗಲ್ಲ ಅಂತ ನಂಬಿಬಿಟ್ಟಿದೆಯಂತೆ. ‘ನಿಮ್ಮ ಹಗ್ಗ ಯಾವುದು?’ ಅಂತ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದ್ರು. ನನ್ನ ಪಕ್ಕದವನು ‘ಸಾರ್, ಟಾರ್ಗೆಟ್ಟು’ ಅಂದ. ಅದು ಹಗ್ಗ ಅಲ್ಲ, ಅವಕಾಶ ಅಂದ್ರು. ಅವನು ಕೂತ್ಕೊಂಡ.

ಆಲೂರು_ಗದ್ದೆ

ದಯವಿಟ್ಟು ಆ ಕೋಟಿನವರನ್ನ ನಮ್ಮ ಕಡೆ ಕಳಿಸಿ. ನಮ್ಮ ಆನೆಗಳಿಗೆ ಆ ಕಥೆ ಗೊತ್ತಿಲ್ಲ. ಸೋಲಾರ್ ಬೇಲಿ ಮೇಲೆ ಮರ ಕೆಡವಿ ದಾಟ್ಕೊಂಡು ಬರ್ತವೆ. ಮೊನ್ನೆ ರಾತ್ರಿ ನಾಟಿ ಮಾಡಿದ್ದ ಗದ್ದೆ ಪೂರ್ತಿ ತುಳಿದಿವೆ.

ಹಳೇಮೇಷ್ಟ್ರು_ಅರಸೀಕೆರೆ

ನಿವೃತ್ತನಾದ ಮೇಲೆ ಓದಲು ಸಮಯವಿದೆ, ಆದ್ದರಿಂದ ನನ್ನದೂ ನಾಲ್ಕು ಮಾತು.

ಈ ಸರಕು ಹೊಸದಲ್ಲ. ಸ್ಕಾಟ್ಲೆಂಡಿನ ಸ್ಯಾಮ್ಯುಯೆಲ್ ಸ್ಮೈಲ್ಸ್ 1859ರಲ್ಲೇ ‘ಸ್ವಸಹಾಯ’ ಎಂಬ ಹೆಸರಿಟ್ಟು ಪುಸ್ತಕ ಬರೆದು ಮಾರಿದ. ನನಗೆ ತಮಾಷೆಯೆನಿಸುವುದು ಆ ಪದವೇ. ನಮ್ಮೂರಿನಲ್ಲಿ ಸ್ವಸಹಾಯ ಎಂದರೆ ಹೆಂಗಸರ ಸಂಘ. ಹದಿನೈದು ಜನ ವಾರಕ್ಕೊಮ್ಮೆ ಸೇರುತ್ತಾರೆ, ಹಣ ಕಟ್ಟುತ್ತಾರೆ, ಒಬ್ಬಳಿಗೆ ಸಾಲ ಬೇಕಾದರೆ ಉಳಿದವರು ಹೊಣೆ ನಿಲ್ಲುತ್ತಾರೆ. ಪುಸ್ತಕದಂಗಡಿಯ ಸ್ವಸಹಾಯದಲ್ಲಿ ಮಾತ್ರ ಮನುಷ್ಯ ಒಬ್ಬಂಟಿ. ಗೆದ್ದರೆ ಪುಸ್ತಕದ ಮಹಿಮೆ, ಸೋತರೆ ಓದಿದವನ ಶ್ರದ್ಧೆ ಸಾಲದು. ಈ ಲೆಕ್ಕದಲ್ಲಿ ಅಂಗಡಿಯವನಿಗೆ ನಷ್ಟವೇ ಇಲ್ಲ.

ಸರ್ಕಾರವೂ ಇದಕ್ಕೆ ಮರುಳಾದದ್ದುಂಟು. ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ಜನರ ಸ್ವಾಭಿಮಾನ ಹೆಚ್ಚಿಸಲೆಂದೇ ಕಾರ್ಯಪಡೆ ರಚಿಸಿದರು. ಅದು ಹೆಚ್ಚಿದರೆ ಅಪರಾಧ, ಅಮಲು, ಪರೀಕ್ಷೆಯ ಸೋಲು ಎಲ್ಲ ಇಳಿಯುತ್ತದೆಂಬ ನಿರೀಕ್ಷೆ. 2003ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಅಷ್ಟೂ ಅಧ್ಯಯನಗಳನ್ನು ಜಾಲಾಡಿ ನೋಡಿದರು. ಸ್ವಾಭಿಮಾನ ಹೆಚ್ಚಿಸಿದ್ದರಿಂದ ಅಂಕ ಹೆಚ್ಚುವುದಕ್ಕೆ ಪುರಾವೆ ಸಿಗಲಿಲ್ಲ. ಅಂಕ ಬಂದದ್ದರಿಂದ ಸ್ವಾಭಿಮಾನ ಬರುವುದೇ ಹೆಚ್ಚು ಸಂಭವ ಎಂದರು. ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಇದನ್ನು ಯಾರೂ ಹೇಳಬೇಕಿರಲಿಲ್ಲ. 2009ರಲ್ಲಿ ಕೆನಡಾದ ಜೋಆನ್ ವುಡ್ ಇನ್ನೊಂದು ತೋರಿಸಿದರು: ತನ್ನ ಬಗ್ಗೆ ತನಗೇ ಕೀಳು ಭಾವನೆ ಇದ್ದವರಿಂದ ‘ನಾನು ಪ್ರೀತಿಗೆ ಅರ್ಹ’ ಎಂಬಂಥ ಮಾತನ್ನು ಮತ್ತೆ ಮತ್ತೆ ಹೇಳಿಸಿದರೆ ಅವರಿಗೆ ಇನ್ನಷ್ಟು ಬೇಸರವಾಗುತ್ತದೆ. ಕನ್ನಡಿಯ ಮುಂದೆ ನಿಂತು ಹೇಳಿಕೊಳ್ಳುವವರಲ್ಲಿ ಹೆಚ್ಚಿನವರು ಅಂಥವರೇ ತಾನೆ?

ಶಿಬಿರಗಳು ಬರೀ ಜೇಬಿಗೆ ಕತ್ತರಿ ಎಂದುಕೊಳ್ಳಬೇಡಿ. 2009ರ ಅಕ್ಟೋಬರಿನಲ್ಲಿ ಅಮೆರಿಕದ ಅರಿಜೋನಾದಲ್ಲಿ ಜೇಮ್ಸ್ ಆರ್ಥರ್ ರೇ ಎಂಬ ಪ್ರೇರಣಾ ಗುರು ಜನರನ್ನು ಕಾಯಿಸಿದ ಗುಡಾರದೊಳಗೆ ಕೂರಿಸಿದ. ಮೂವರು ಸತ್ತರು. 2011ರಲ್ಲಿ ಅವನಿಗೆ ಶಿಕ್ಷೆಯಾಯಿತು. ಒಳಗಿದ್ದವರಿಗೆ ಸೆಖೆ ತಡೆಯಲಾಗುತ್ತಿರಲಿಲ್ಲ, ಆದರೆ ಎದ್ದು ಹೋದರೆ ತಾವು ಸೋತಂತೆ ಎಂದುಕೊಂಡು ಕೂತರು. ಅಷ್ಟು ಹಣ ಕೊಟ್ಟು ಬಂದ ಮೇಲೆ ಏಳುವುದು ಕಷ್ಟ.

ರೊಬಸ್ಟಾ_ಮೂಡಿಗೆರೆ

ಮೇಷ್ಟ್ರೇ, ಇದನ್ನ ಹಂಗೇ ತಮ್ಮನಿಗೆ ಫಾರ್ವರ್ಡ್ ಮಾಡ್ತೀನಿ 🙏

ನೈಟ್‌ಡ್ಯೂಟಿ

ಮಾಡಬೇಡಿ ಅಣ್ಣ, ಒಂದು ನಿಮಿಷ ಇರಿ.

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿ ಎಲ್ಲರೂ ಎರಡು ಬೇರೆ ಬೇರೆ ಅಂಗಡಿಗಳನ್ನ ಒಂದೇ ಅಂತ ಬೈತಿದೀರ. ಕೆಂಡ ಹಾಯಿಸೋರು, ಕೋಟಿನವರು ಒಂದು ಕಡೆ. ಚಿಕಿತ್ಸೆ ಇನ್ನೊಂದು ಕಡೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡೋಕೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. 1992ರಿಂದ ಕಾಯ್ದೆ ಇದೆ. ನೋಂದಣಿ ನಂಬರು ಕೇಳಿ ನೋಡಬಹುದು. ‘ಲೈಫ್ ಕೋಚ್’, ‘ಹೀಲರ್’ ಅಂತ ಬೋರ್ಡ್ ಹಾಕೋಕೆ ಏನೂ ಬೇಡ. ಗೊಬ್ಬರದ ಅಂಗಡಿ ಇಡೋಕೂ ಲೈಸೆನ್ಸ್ ಬೇಕಾದ ದೇಶ ಇದು.

ಇನ್ನು ‘ಈಗಿನವರಿಗೆ ಎಲ್ಲದಕ್ಕೂ ಥೆರಪಿ’ ಅನ್ನೋ ಮಾತು. 2015-16ರಲ್ಲಿ ನಿಮ್ಹಾನ್ಸ್‌ನವರು 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದ್ರು. ಮಾನಸಿಕ ಕಾಯಿಲೆ ಇದ್ದವರಲ್ಲಿ ಚಿಕಿತ್ಸೆ ಸಿಗದೆ ಇದ್ದವರು, ಕಾಯಿಲೆ ಯಾವುದು ಅನ್ನೋದರ ಮೇಲೆ, 70ರಿಂದ 92 ಪರ್ಸೆಂಟ್. ನಾನು ವಾರ್ಡಲ್ಲಿ ನೋಡೋದು ಬೌಂಡರಿ ಅನ್ನೋ ಹುಡುಗರನ್ನಲ್ಲ. ಹೊಟ್ಟೆನೋವು, ಕೈಕಾಲು ಜೋಮು ಅಂತ ಆರು ಸಲ ಬಂದು, ಸ್ಕ್ಯಾನಿಂಗ್ ಮಾಡಿಸಿ, ದೆವ್ವ ಬಿಡಿಸಿ, ಏಳನೇ ಸಲ ‘ಏನೂ ಬೇಡ ಅನ್ಸುತ್ತೆ ಸಿಸ್ಟರ್’ ಅನ್ನೋ ಹೆಂಗಸರನ್ನ. ಅವರ ಬಾಯಲ್ಲಿ ಟ್ರಾಮಾ ಅನ್ನೋ ಪದ ಬಂದಿದ್ದು ನಾನು ಕೇಳಿಲ್ಲ.

ನಿಮ್ಮ ಅಪ್ಪ ಕಣದಲ್ಲಿ ಕೂತಿದ್ರು ಅಂದ್ರಲ್ಲ. ಯಾರ ಮೇಲೂ ದೂರು ಹೇಳಲಿಲ್ಲ ಸರಿ. ರಾತ್ರಿ ನಿದ್ದೆ ಮಾಡ್ತಿದ್ರಾ? ಕುಡೀತಿದ್ರಾ? ತಪ್ಪು ತಿಳ್ಕೋಬೇಡಿ, ಕೇಳ್ತಿದೀನಿ ಅಷ್ಟೇ.

ರೊಬಸ್ಟಾ_ಮೂಡಿಗೆರೆ

ಕುಡೀತಿದ್ರು. ಆಗ ಎಲ್ಲರೂ ಕುಡೀತಿದ್ರು.

ಲೈನ್‌ಮನೆ_ಹುಡುಗ

ತುಂಬ ಹೊತ್ತಿಂದ ಓದ್ತಿದೀನಿ. ನಮ್ಮ ಅಪ್ಪ ಅಮ್ಮ ಇಬ್ಬರೂ ತೋಟದ ಆಳುಗಳು, ನಾನು ಹುಟ್ಟಿದ್ದು ಲೈನ್ ಮನೇಲಿ, ಅಂದ್ರೆ ಆಳುಗಳಿಗೆ ಅಂತ ಸಾಲಾಗಿ ಕಟ್ಟಿದ ಮನೇಲಿ. ಈಗ ಚಿಕ್ಕಮಗಳೂರಲ್ಲಿ ಕೆಲಸ.

‘ವಿಕ್ಟಿಮ್ ಮೆಂಟಾಲಿಟಿ’ ಅನ್ನೋ ಪದ ನಾನು ಮೊದಲು ಕೇಳಿದ್ದು ನಮ್ಮ ಸಾಹುಕಾರರ ಮಗನ ಬಾಯಲ್ಲಿ. ಲೈನ್ ಮನೆ ಸೂರು ಸೋರುತ್ತೆ, ಮಳೆಗಾಲಕ್ಕೆ ಮುಂಚೆ ಶೀಟು ಹಾಕಿಸಿ ಅಂತ ನಮ್ಮಮ್ಮ ಕೇಳಿದ್ದಕ್ಕೆ. ನಮ್ಮಮ್ಮಂಗೆ ಅರ್ಥ ಆಗಲಿಲ್ಲ, ತೋಟದ ಲೆಕ್ಕ ಬರೆಯೋ ರೈಟರನ್ನ ಕೇಳಿದ್ಲು. ‘ಅಳಮುಂಜಿ ಅಂತಾರೆ’ ಅಂದ ಅವನು.

ಬೇಜಾರು ಮಾಡ್ಕೋಬೇಡಿ, ಪ್ಲಾಂಟರುಗಳ ಮಾತು ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. ರೇಟು ಏರಿದ ವರ್ಷ ಅದು ‘ನಮ್ಮ ಕಷ್ಟದ ಫಲ’. ರೇಟು ಬಿದ್ದ ವರ್ಷ ಬ್ರೆಜಿಲ್, ವಿಯೆಟ್ನಾಂ, ಸರ್ಕಾರ, ಕಾಫಿ ಬೋರ್ಡು. ಸಬ್ಸಿಡಿ ಕೇಳಿದ್ರೆ ಹಕ್ಕು. ನಾವು ಐವತ್ತು ರೂಪಾಯಿ ಕೂಲಿ ಜಾಸ್ತಿ ಕೇಳಿದ್ರೆ ಮನೋಭಾವ ಸರಿ ಇಲ್ಲ.

ಬಯಲುಸೀಮೆ_ಕಡೂರು

ತಮ್ಮಾ, ಇಲ್ಲಿ ಮಾತು ಬಂದಿದ್ದು ಶಿಬಿರದ ಬಗ್ಗೆ. ಕೂಲಿ ಜಗಳ ಬೇರೆ ಕಡೆ ಮಾಡೋಣ.

ಲೈನ್‌ಮನೆ_ಹುಡುಗ

ಬೇರೆ ಅಲ್ಲ ಅಣ್ಣ. ಶಿಬಿರದವರು ಹೇಳೋದೂ ಅದೇ. ಮೊದಲ ದಿನ ‘ನಿಮಗೆ ಬೇರೆಯವರು ನೋವು ಮಾಡಿದ್ದಾರೆ’, ಮೂರನೇ ದಿನ ‘ಎಲ್ಲಾ ನಿಮ್ಮ ಕೈಲೇ ಇದೆ’. ಎರಡರ ಮಧ್ಯೆ ಶೀಟು ಯಾರು ಹಾಕಿಸ್ಬೇಕು ಅನ್ನೋ ಮಾತೇ ಬರಲ್ಲ.

ಕೊಪ್ಪದ_ಹೆಣ್ಣು

ಅಯ್ಯೋ ಮಾರಾಯ್ರೆ, ನನ್ನ ಕಥೆ ಕೇಳಿ. ನಾನು ಫೋನಿನ ಆ್ಯಪಲ್ಲಿ ಥೆರಪಿ ತಗೊಂಡವಳು. 45 ನಿಮಿಷಕ್ಕೆ 1,500 ರೂಪಾಯಿ, ವಾರಕ್ಕೊಂದು ಸಲ, 14 ತಿಂಗಳು. ಲೆಕ್ಕ ಹಾಕಿದ್ರೆ ಒಂದು ಸೆಕೆಂಡ್‌ಹ್ಯಾಂಡ್ ಸ್ಕೂಟರು, ಮೇಲೆ ಚಿಲ್ಲರೆ.

ಆ ಹುಡುಗಿ ಒಳ್ಳೇದೇ. ತಾಳ್ಮೆಯಿಂದ ಕೇಳ್ತಿತ್ತು. ಆದ್ರೆ ಪ್ರತಿ ವಾರ ನಾನು ಅತ್ತೆ ಬಗ್ಗೆ ಹೇಳೋದು, ಅದು ‘ಆಗ ನಿಮಗೇನನ್ನಿಸ್ತು’ ಅನ್ನೋದು. ಹೇಳ್ತಾ ಹೇಳ್ತಾ ನಾನು ವಾರವಿಡೀ ಅತ್ತೆ ತಪ್ಪು ಹುಡುಕೋಕೆ ಶುರು ಮಾಡಿದ್ದೆ ಕಣ್ರೀ, ಗುರುವಾರಕ್ಕೆ ಮಾತು ಬೇಕಲ್ಲ! ಇಷ್ಟು ಸಾಕು, ನಿಮಗೆ ಇನ್ನು ನಾನು ಬೇಡ ಅಂತ ಆ ಹುಡುಗಿ ಒಂದು ದಿನವೂ ಅನ್ನಲಿಲ್ಲ. ಕೊನೆಗೆ ಗಂಡನ ಹತ್ತಿರ ಜಗಳ ಆಡಿ ವಾಷಿಂಗ್ ಮೆಷೀನ್ ತರಿಸ್ಕೊಂಡೆ. ಆಗುಂಬೆ ಪಕ್ಕದ ಮಳೇಲಿ ಆರು ಜನರ ಬಟ್ಟೆ ಕೈಯಲ್ಲಿ ಒಗೆದು ಒಲೆ ಮೇಲೆ ಒಣಗಿಸೋದು ಅಂದ್ರೆ ಸುಮ್ನೆ ಅಲ್ಲ. ಅರ್ಧ ಖಿನ್ನತೆ ಅದರಲ್ಲೇ ಹೋಯ್ತು.

ಆದ್ರೆ ಒಂದು ಹೇಳ್ಬೇಕು. ಆ ಜಗಳ ಆಡೋ ಧೈರ್ಯ ಎಲ್ಲಿಂದ ಬಂತೋ ನಂಗೆ ಗೊತ್ತಿಲ್ಲ. ಆ ಹುಡುಗಿ ಹತ್ತಿರ ಮಾತಾಡಿ ಮಾತಾಡಿ ಬಂತೋ ಏನೋ.

ನೈಟ್‌ಡ್ಯೂಟಿ

ಅಕ್ಕ, ನೀವು ಹೇಳಿದ್ದು ಸರಿಯಾದ ಜಾಗಕ್ಕೇ ತಾಗುತ್ತೆ. ಒಳ್ಳೇ ಚಿಕಿತ್ಸೆಗೆ ಒಂದು ಕೊನೆ ಇರುತ್ತೆ. ಗೋವಾದಲ್ಲಿ ಒಂದು ಪ್ರಯೋಗ ಮಾಡಿದ್ರು, 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರೋ ಸುಮಾರು 500 ಜನ, ಎಲ್ಲರಿಗೂ ತೀವ್ರ ಖಿನ್ನತೆ. ಮಾತಾಡಿಸಿದ್ದು ಡಾಕ್ಟರಲ್ಲ, ಸೈಕಾಲಜಿಸ್ಟೂ ಅಲ್ಲ, ತರಬೇತಿ ಪಡೆದ ಊರಿನ ಸಾಮಾನ್ಯ ಜನ. ಬರೀ ಆರರಿಂದ ಎಂಟು ಭೇಟಿ. ಮೂರು ತಿಂಗಳಿಗೆ ಈ ಭೇಟಿ ಸಿಕ್ಕವರಲ್ಲಿ 64 ಪರ್ಸೆಂಟ್ ಜನ ಚೇತರಿಸಿಕೊಂಡಿದ್ರು, ಬರೀ ಮಾಮೂಲಿ ಆರೈಕೆ ಸಿಕ್ಕವರಲ್ಲಿ 39.

ಅಲ್ಲಿ ಬಾಲ್ಯ ಕೆದಕಲ್ಲ. ಏನು ಮಾಡೋದು ಬಿಟ್ಟಿದೀರಿ, ಅದನ್ನ ಯಾವ ದಿನ ಎಷ್ಟು ಹೊತ್ತಿಗೆ ಮತ್ತೆ ಶುರು ಮಾಡ್ತೀರಿ, ಯಾರನ್ನ ಹೋಗಿ ನೋಡ್ತೀರಿ, ಯಾವ ತಾಪತ್ರಯ ಬಗೆಹರಿಸ್ಬೇಕು. ಮನಸ್ಸು ಸರಿ ಆಗಲಿ ಆಮೇಲೆ ಕೆಲಸ ಅಂತ ಕಾಯಲ್ಲ. ನಿಮ್ಮ ವಾಷಿಂಗ್ ಮೆಷೀನೂ ಆ ಪಟ್ಟಿಗೆ ಬರ್ತಿತ್ತು.

ಮಧುಗುಂಡಿ_ಪಕ್ಕ

2019ರ ಆಗಸ್ಟ್‌ನಲ್ಲಿ ಗುಡ್ಡ ಕುಸೀತಲ್ಲ, ಆಗ ನಾವೂ ಗಂಜಿ ಕೇಂದ್ರದಲ್ಲಿದ್ವಿ. ಮಲೆಮನೆಯವರು, ಮಧುಗುಂಡಿಯವರು, ಅಕ್ಕಪಕ್ಕದವರು. ಯಾರೋ ಕೌನ್ಸೆಲಿಂಗ್ ಅಂತ ಬಂದು ಒಬ್ಬೊಬ್ಬರನ್ನೇ ಕೂರಿಸಿ, ಆವತ್ತು ರಾತ್ರಿ ಏನೇನಾಯ್ತು ಅಂತ ಪೂರ್ತಿ ಹೇಳಿಸಿದ್ರು. ಒಳ್ಳೇ ಮನಸ್ಸಿಂದಲೇ ಬಂದಿದ್ರು, ಬಿಸ್ಕತ್ತು ತಂದಿದ್ರು. ನಮ್ಮ ಚಿಕ್ಕಮ್ಮ ಹೇಳಿದ ಮೇಲೆ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಅಲ್ಲೀವರೆಗೆ ದೊಡ್ಡ ಪಾತ್ರೇಲಿ ಅನ್ನ ಮಾಡ್ಕೊಂಡು ಗಟ್ಟಿಯಾಗಿದ್ಲು.

ಹಳೇಮೇಷ್ಟ್ರು_ಅರಸೀಕೆರೆ

ಅದು ನಿಮ್ಮ ಚಿಕ್ಕಮ್ಮನ ದೌರ್ಬಲ್ಯವಲ್ಲ. ಆಘಾತವಾದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲ ಕಕ್ಕಿಸುವ ಪದ್ಧತಿಯನ್ನು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಯೇ 2002ರಲ್ಲಿ ತಿರಸ್ಕರಿಸಿತ್ತು. ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚಲೂಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿಯೂ ಬೇರೆ ದಾರಿ ಹೇಳುತ್ತದೆ: ಅನ್ನ, ನೀರು, ಹೊದಿಕೆ, ಮನೆಯವರ ಸುದ್ದಿ ಕೊಡಿ, ಹೇಳಿಕೊಳ್ಳುವವರ ಮಾತು ಕೇಳಿ, ಹೇಳಲೊಲ್ಲದವರನ್ನು ಒತ್ತಾಯಿಸಬೇಡಿ. ಒಟ್ಟಿನಲ್ಲಿ ಆ ದೊಡ್ಡ ಪಾತ್ರೆಯ ಅನ್ನ.

ಮಧುಗುಂಡಿ_ಪಕ್ಕ

ಆಮೇಲಿಂದು ಹೇಳ್ತೀನಿ ಕೇಳಿ ಮೇಷ್ಟ್ರೇ. ಜಾಗ ಕೊಡಿ, ಮನೆ ಕೊಡಿ ಅಂತ ಅರ್ಜಿ ಹಿಡ್ಕೊಂಡು ಅಲೆದ್ವಲ್ಲ, ಒಂದು ಸಭೇಲಿ ಒಬ್ಬರು ಮೈಕ್ ಹಿಡಿದು ‘ಎಷ್ಟು ದಿನ ಸಂತ್ರಸ್ತರು ಅಂತಲೇ ಇರ್ತೀರಿ, ಮುಂದೆ ನೋಡಿ’ ಅಂದ್ರು. ಸಂತ್ರಸ್ತರು ಅನ್ನೋ ಹೆಸರು ನಾವು ಇಟ್ಕೊಂಡಿದ್ದಲ್ಲ, ಪಟ್ಟಿ ಮೇಲೆ ಅವರೇ ಬರೆದಿದ್ದು.

ಸಾಲಗಾಮೆ_ರೋಡ್

ನಾನು ಇಂಜಿನಿಯರಿಂಗ್ ಓದ್ತಿದೀನಿ, ಹಾಸನ. ನಮ್ಮ ಕ್ಲಾಸಲ್ಲಿ ಇಂಟರ್ನಲ್ಸ್ ಹೋದ್ರೆ ಆಂಗ್ಸೈಟಿ, ಬ್ರೇಕಪ್ ಆದ್ರೆ ಪಿಟಿಎಸ್‌ಡಿ, ಅಂದ್ರೆ ದೊಡ್ಡ ಆಘಾತದ ಮೇಲೆ ಬರೋ ಕಾಯಿಲೆ. ನಂಗೂ ಕಿರಿಕಿರಿ ಆಗುತ್ತೆ. ಆದ್ರೆ ಅಂಕಲ್, ನಮ್ಮ ಮನೇಲಿ ನಿಜವಾಗ್ಲೂ ಹೊಡೀತಿದ್ರು. ಅದಕ್ಕೆ ನಾನು ಯಾವ ಪದ ಬಳಸಲಿ? ಹಳೇ ಪದ ‘ಬುದ್ಧಿ ಕಲಿಸೋದು’. ಅದು ಹೊಡೆದವರ ಪದ.

ಗೊರೂರು_ಹಿನ್ನೀರು

ಈ ಹುಡುಗಿಗೆ ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ.

ಹಳೇಮೇಷ್ಟ್ರು_ಅರಸೀಕೆರೆ

ಮಗಳೇ, ನಾನೂ ತರಗತಿಯಲ್ಲಿ ಹೊಡೆದಿದ್ದೇನೆ, ಅದೇ ಪದ ಹೇಳಿಕೊಂಡು. ಹೊಡೆತಕ್ಕೆ ಹೊಡೆತವೆಂದೇ ಹೆಸರು.

ನೈಟ್‌ಡ್ಯೂಟಿ

@ರೊಬಸ್ಟಾ_ಮೂಡಿಗೆರೆ ಅಣ್ಣ, ನಿಮ್ಮ ತಮ್ಮನ ವಿಚಾರಕ್ಕೆ ಬರ್ತೀನಿ. ಊಟ, ನಿದ್ದೆ ಹೆಂಗಿದೆ? ಕೆಲಸ ಬಿಟ್ಟಿದ್ದಾ, ತೆಗೆದ್ರಾ? ಬದುಕು ಸಾಕು ಅನ್ನೋ ತರ ಮಾತು ಏನಾದ್ರೂ? ಹಂಗಿದ್ರೆ ಶಿಬಿರ, ಚರ್ಚೆ ಎಲ್ಲಾ ಪಕ್ಕಕ್ಕಿಡಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರೋ ಏರ್ಪಾಡಿದೆ, ಮನೋಚೈತನ್ಯ ಅಂತ. ಯಾವ ಮಂಗಳವಾರ ಅಂತ ಮೊದಲೇ ಕೇಳ್ಕೊಂಡು ಹೋಗಿ.

ಇನ್ನೊಂದು, ಇದು ನರ್ಸ್ ಆಗಿ ಅಲ್ಲ, ಸುಮ್ನೆ ಕೇಳೋದು. ತೋಟದ ಖಾತೆ ಯಾರ ಹೆಸರಲ್ಲಿದೆ?

ರೊಬಸ್ಟಾ_ಮೂಡಿಗೆರೆ

ನಿನ್ನೆಯಿಂದ ಇದನ್ನ ಓದಿ ಓದಿ ಇಡ್ತಿದೀನಿ.

ಊಟ ಮಾಡ್ತಾನೆ. ನಿದ್ದೆ ಕಮ್ಮಿ, ರಾತ್ರಿ ಎರಡು ಗಂಟೆಗೂ ಲೈಟ್ ಉರೀತಿರುತ್ತೆ. ಸಾಯೋ ಮಾತು ಆಡಿಲ್ಲ. ಕೆಲಸದಿಂದ ತೆಗೆದಿದ್ದಂತೆ. ಇವತ್ತು ಕೇಳಿದ ಮೇಲೆ ಹೇಳಿದ. ಒಂದು ವರ್ಷ ಆದ ಮೇಲೆ.

ಖಾತೆ ನನ್ನ ಹೆಸರಲ್ಲಿ. ಅಪ್ಪ ತೀರಿಕೊಂಡ ಮೇಲೆ ಖಾತೆ ಬದಲಾಯಿಸೋ ಪೌತಿ ಖಾತೆ ಮಾಡಿಸುವಾಗ ಅವನು ಬೆಂಗಳೂರಲ್ಲಿದ್ದ, ನೋಡ್ಕೊಳ್ಳೋನು ನಾನು, ಅವನೇ ಒಪ್ಪಿ ಸಹಿ ಹಾಕಿ ಹೋದ. ದುಡ್ಡಿನ ವಿಷಯದಲ್ಲಿ ನಾನು ಮೋಸ ಮಾಡಿಲ್ಲ, ಕೇಳಿದಾಗೆಲ್ಲ ಕೊಟ್ಟಿದೀನಿ. ಕೇಳಿದಾಗ. ಬಂದ ಹೊಸದರಲ್ಲಿ ಕೆಳಗಿನ ನಾಲ್ಕು ಎಕರೆಗೆ ಡ್ರಿಪ್ ಹಾಕೋಣ ಅಂದಿದ್ದ. ನಿಂಗೇನು ಗೊತ್ತು, ಕೀಬೋರ್ಡ್ ಕುಟ್ಟೋನು ಅಂದೆ, ಆಳುಗಳ ಮುಂದೆ. ಅದಾದ ಮೇಲೇ ಅವನು ರೂಮು ಸೇರಿದ್ದು ಅನ್ಸುತ್ತೆ.

ಆದ್ರೂ ಆ ಶಿಬಿರದವರನ್ನ ನಾನು ಕ್ಷಮಿಸಲ್ಲ. ಅಪ್ಪನಿಗೆ ಕಾಗದ ಬರೆಸಿ ಸುಡಿಸೋ ಬದಲು ಅಣ್ಣನಿಗೊಂದು ಕಾಗದ ಬರೆಸಿ ಪೋಸ್ಟ್ ಮಾಡಿಸಿದ್ರೆ 32,000 ವಸೂಲಾಗ್ತಿತ್ತು.

ಲೈನ್‌ಮನೆ_ಹುಡುಗ

ಅಣ್ಣ, ಆಳುಗಳ ಮುಂದೆ ಅಂದ್ರಲ್ಲ, ಅವರು ಅದನ್ನ ಇನ್ನೂ ಮಾತಾಡ್ಕೊಳ್ತಿರ್ತಾರೆ. ನಂಗೆ ಗೊತ್ತು.

ಕೊಪ್ಪದ_ಹೆಣ್ಣು

ಅಕ್ಕತಂಗಿ ಯಾರಾದ್ರೂ ಇದ್ದಾರಾ ಮಾರಾಯ್ರೆ ನಿಮಗೆ?

ರೊಬಸ್ಟಾ_ಮೂಡಿಗೆರೆ

ಒಬ್ಬಳು ತಂಗಿ. ಸಕಲೇಶಪುರಕ್ಕೆ ಕೊಟ್ಟಿದೆ. ಅವಳೂ ಸಹಿ ಹಾಕಿದ್ಲು.

ಕೊಪ್ಪದ_ಹೆಣ್ಣು

ಹಾಕಿದ್ಲು, ಹೌದು. ನಾನೂ ಹಾಕಿದ್ದೆ, ಬಾಗಿನ ತಗೊಂಡು.

ಬಯಲುಸೀಮೆ_ಕಡೂರು

ಶಿಬಿರ ಬೈಯೋಣ ಅಂತ ಬಂದ್ರೆ ಇಲ್ಲಿ ಪಂಚಾಯ್ತಿ ಕಟ್ಟೆ ಆಗೋಯ್ತಲ್ಲ.

ರೊಬಸ್ಟಾ_ಮೂಡಿಗೆರೆ

ಇವತ್ತು ಬೆಳಗ್ಗೆ ತಮ್ಮನ್ನ ಕರ್ಕೊಂಡು ಕೆಳಗಿನ ನಾಲ್ಕು ಎಕರೆಗೆ ಹೋಗಿದ್ದೆ. ಹೆಚ್ಚು ಮಾತಾಡಲಿಲ್ಲ. ಎಲ್ಲಿಂದ ಎಲ್ಲೀವರೆಗೆ ಅಂತ ಹೆಜ್ಜೆ ಹಾಕಿ ಅಳೆದ. ಅಪ್ಪ ನೆಟ್ಟ ಹಲಸಿನ ಮರದ ಹತ್ತಿರ ನಿಂತು ಇದು ಯಾರ ಕಡೆ ಬರುತ್ತೆ ಅಂದ. ಇಬ್ಬರಿಗೂ ಅಂದೆ. ಹಂಗೆಲ್ಲ ಸರ್ವೇಲಿ ಬರಲ್ಲ ಅಂದ.

ಪಾಲು ಮಾಡೋಕೆ ಬೇಕಾದ 11ಇ ಸರ್ವೆ ನಕ್ಷೆಗೆ ಅರ್ಜಿ ಹಾಕ್ತಿದೀವಿ, ತಂಗಿಗೂ ಫೋನ್ ಮಾಡಿದೀನಿ. ಮೂಡಿಗೆರೆ ಕಡೆಯವರು ಇದ್ರೆ ಹೇಳಿ, ಸರ್ವೆಯವರು ಬರೋಕೆ ಎಷ್ಟು ದಿನ ಆಗ್ತಿದೆ ಈಗ? ಅವ್ವ ದಿನಾ ಕೇಳ್ತಿದಾಳೆ.

ಆಲೂರು_ಗದ್ದೆ

ನಮ್ಮದು ಅರ್ಜಿ ಹಾಕಿ ಎಂಟು ತಿಂಗಳು. ಆನೆಗಳು ಈಗಾಗ್ಲೇ ನಾಲ್ಕು ಸಲ ಬಂದು ಅಳೆದು ಹೋಗಿವೆ.